ವಾದೊವಿಟ್ಸೆಯ ಬಾಡಿಗೆ ಮನೆ: ಒಂದು ವಸ್ತುಸಂಗ್ರಹಾಲಯದ ಭೇಟಿ

ಪೋಲೆಂಡಿನ ಕ್ರಾಕೋವ್ ನಗರದಿಂದ ನೈರುತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ವಾದೊವಿಟ್ಸೆ ಎಂಬ ಸಣ್ಣ ಪಟ್ಟಣಕ್ಕೆ ಹೊರಗಿನವರು ಹೋಗುವುದು ಬಹುಪಾಲು ಒಂದೇ ಮನೆಯನ್ನು ನೋಡಲಿಕ್ಕೆ. ಕೊಶ್ಚೆಲ್ನಾ ಬೀದಿಯ 7ನೇ ಸಂಖ್ಯೆಯ ಆ ಮನೆಯಲ್ಲಿ 1920ರ ಮೇ 18ರಂದು ಹುಟ್ಟಿದ ಕರೋಲ್ ವೊಯ್ತಿವಾ 1978ರ ಅಕ್ಟೋಬರ್ 16ರಂದು ಎರಡನೇ ಜಾನ್ ಪಾಲ್ ಎಂಬ ಹೆಸರಿನಿಂದ ಪೋಪ್ ಆದರು. ನಾನು ಕ್ರೈಸ್ತನಲ್ಲ, ಯಾತ್ರಿಕನಾಗಿ ಹೋದವನೂ ಅಲ್ಲ. ಇಗರ್ಜಿಯ ಮೆಟ್ಟಿಲು ಹತ್ತದ ಪೋಲಿಷ್ ಜನರೂ ಈ ಒಬ್ಬ ಧರ್ಮಗುರುವನ್ನು ಮಾತ್ರ ‘ನಶ್ ಪಾಪ್ಯೆಶ್’, ಅಂದರೆ ‘ನಮ್ಮ ಪೋಪ್’ ಎಂದು ಕರೆಯುವುದನ್ನು ಮತ್ತೆ ಮತ್ತೆ ಕೇಳಿ, ಆ ‘ನಮ್ಮ’ ಎಂಬುದರ ಮೂಲ ಎಲ್ಲಿದೆಯೆಂದು ನೋಡುವ ಕುತೂಹಲದಿಂದ ಹೋದೆ.

1984ರಲ್ಲಿ ತೆರೆದು, ದೊಡ್ಡ ನವೀಕರಣದ ಬಳಿಕ 2014ರ ಏಪ್ರಿಲ್‌ನಲ್ಲಿ ಮರಳಿ ಬಾಗಿಲು ತೆರೆದ ಈ ವಸ್ತುಸಂಗ್ರಹಾಲಯ ಈಗ ಇಡೀ ಕಟ್ಟಡವನ್ನು ಆವರಿಸಿಕೊಂಡಿದೆ. ಆದರೆ ನೋಡಬೇಕಾದದ್ದು ಮೊದಲ ಮಹಡಿಯಲ್ಲಿ ವೊಯ್ತಿವಾ ಕುಟುಂಬ ಬಾಡಿಗೆಗಿದ್ದ ಎರಡು ಕೋಣೆ ಮತ್ತು ಒಂದು ಅಡುಗೆಮನೆ, ಅಷ್ಟೆ. ಮನೆಯ ಮಾಲೀಕರು ಬಾವಮೂತ್ ಎಂಬ ಯಹೂದಿ ವ್ಯಾಪಾರಿ. ಬಾಡಿಗೆದಾರ ಒಬ್ಬ ಸಾಧಾರಣ ಸೈನ್ಯಾಧಿಕಾರಿ. ಮಗನಿಗೆ ಒಂಬತ್ತು ತುಂಬುವ ಮೊದಲೇ, 1929ರಲ್ಲಿ, ತಾಯಿ ತೀರಿಕೊಂಡರು. 1932ರಲ್ಲಿ ವೈದ್ಯನಾಗಿದ್ದ ಅಣ್ಣ ಎಡ್ಮಂಡ್ ರೋಗಿಯಿಂದ ತಗುಲಿದ ಜ್ವರಕ್ಕೆ ಬಲಿಯಾದ. ಆಮೇಲೆ 1938ರಲ್ಲಿ ಕ್ರಾಕೋವ್‌ಗೆ ಹೋಗುವವರೆಗೆ ಈ ಕೋಣೆಗಳಲ್ಲಿ ಉಳಿದವರು ಅಪ್ಪ, ಮಗ ಇಬ್ಬರೇ. ಅಡುಗೆಮನೆಯ ಕಿಟಕಿಯಿಂದ ಎದುರಿನ ಇಗರ್ಜಿಯ ಗೋಡೆಯ ಮೇಲಿನ ನೆರಳು ಗಡಿಯಾರ ಕಾಣುತ್ತದೆ. ‘ಕಾಲ ಓಡುತ್ತದೆ, ಶಾಶ್ವತ ಕಾಯುತ್ತದೆ’ ಎಂಬ ಅದರ ಬರಹವನ್ನು ಆ ಹುಡುಗ ದಿನವೂ ನೋಡುತ್ತಿದ್ದಿರಬೇಕು. ಅರಮನೆಯಲ್ಲೋ ಮಠದಲ್ಲೋ ಹುಟ್ಟಿದವರ ಬಗ್ಗೆ ಜನರಿಗೆ ಗೌರವ ಮೂಡಬಹುದು, ಆದರೆ ತಮ್ಮದೇ ಅಳತೆಯ ಅಡುಗೆಮನೆಯಿಂದ ಹೊರಟವನ ಬಗ್ಗೆ ಮೂಡುವುದು ಬೇರೆಯದೇ ಭಾವನೆ, ಅದರಲ್ಲಿ ಸಲಿಗೆ ಬೆರೆತಿರುತ್ತದೆ.

ಈ ಸಲಿಗೆಯನ್ನು ನನಗೆ ಮನಗಾಣಿಸಿದವರು ನಮ್ಮ ಗುಂಪಿನ ಮಾರ್ಗದರ್ಶಕಿ. ಇಸವಿಗಳನ್ನು ಗಡಿಬಿಡಿಯಿಲ್ಲದೆ ಹೇಳುತ್ತಿದ್ದ ಅವರು ಒಂದೆಡೆ ನಿಂತು ತಮ್ಮ ತಂದೆಯ ವಿಷಯ ತೆಗೆದರು. ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದ, ಪೂಜೆ ಪ್ರಾರ್ಥನೆಗಳ ಗೊಡವೆಯೇ ಇಲ್ಲದ ಆ ಮನುಷ್ಯ 1978ರ ಆ ಸಂಜೆ ಸುದ್ದಿ ಕೇಳಿ, ಏನೂ ಮಾತಾಡದೆ ಎದ್ದು ಹೋಗಿ, ಮನೆಗೆ ಯಾರೋ ನೆಂಟರು ಬರುವವರಿದ್ದಾರೆ ಎಂಬಂತೆ ಗಡ್ಡ ಹೆರೆದುಕೊಂಡು ಇಸ್ತ್ರಿಯ ಅಂಗಿ ತೊಟ್ಟು ಬಂದು ಕುಳಿತರಂತೆ. ಯಾಕೆಂದು ಮನೆಯವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇದು ಒಬ್ಬರ ಮನೆಯ ಕಥೆಯಷ್ಟೇ ಆಗಿರಲಿಲ್ಲ. 123 ವರ್ಷ ಭೂಪಟದಲ್ಲೇ ಇಲ್ಲದಿದ್ದು, 1918ರಲ್ಲಿ ಮರಳಿ ಹುಟ್ಟಿ, ಮುಂದೆ ಸೋವಿಯತ್ ನೆರಳಿಗೆ ಬಿದ್ದ ದೇಶವೊಂದರಿಂದ, 455 ವರ್ಷಗಳ ನಂತರ ಇಟಲಿಯವರಲ್ಲದ ಮೊದಲ ಪೋಪ್ ಬಂದಿದ್ದರು. ನಾಸ್ತಿಕ ನಿಲುವಿನ ಸರ್ಕಾರದ ಮುಖ್ಯಸ್ಥರೂ ಪೋಲಿಷ್ ಜನತೆಯ ಮಗನೊಬ್ಬ ಆ ಪೀಠವೇರಿದನೆಂದು ಅಭಿನಂದನೆಯ ತಂತಿ ಕಳಿಸಬೇಕಾಯಿತು. ಅಕ್ಟೋಬರ್ 22ರ ಪದಗ್ರಹಣದ ಬಲಿಪೂಜೆಯನ್ನು, ಅಂದರೆ ಕ್ರೈಸ್ತರ ಸಾಮೂಹಿಕ ಆರಾಧನೆಯನ್ನು, ಸರ್ಕಾರಿ ಟೆಲಿವಿಷನ್ ನೇರ ಪ್ರಸಾರ ಮಾಡಿತು. ತಂತಿ ರಾಜಕೀಯ ಲೆಕ್ಕಾಚಾರದ್ದೂ ಆಗಿದ್ದೀತು, ಆದರೆ ರಾತ್ರಿ ಹೊತ್ತಿನಲ್ಲಿ ಗಡ್ಡ ಹೆರೆದುಕೊಳ್ಳುವುದರಲ್ಲಿ ಲೆಕ್ಕಾಚಾರವೇನಿದ್ದೀತು?

ಮುಂದಿನ ಕೋಣೆಗಳಲ್ಲಿ ಪರದೆ, ಧ್ವನಿ, ಬೆಳಕುಗಳ ವೈಭವ ಹೆಚ್ಚು. 1981ರ ಮೇ 13ರಂದು ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ಪೋಪ್ ಮೇಲೆ ಗುಂಡು ಹಾರಿಸಿದ ಪಿಸ್ತೂಲನ್ನು ಗಾಜಿನಡಿ ಇಟ್ಟಿದ್ದಾರೆ. ಅದರ ಮುಂದೆ ಎಲ್ಲರ ಮಾತೂ ತಾನಾಗಿ ನಿಲ್ಲುತ್ತದೆ. ಉಳಿದದ್ದನ್ನು ನಾನು ಬೇಗ ದಾಟಿದೆ. ಸಮಯ ಕಡಿಮೆಯಿದ್ದವರು ಅಡುಗೆಮನೆಯ ಕಿಟಕಿಯ ಬಳಿ ಹೆಚ್ಚು ಹೊತ್ತು ನಿಲ್ಲಲಿ ಎಂಬುದು ನನ್ನ ಸಲಹೆ. ವಿವರಣೆ ಕೊಡುವವರ ಜೊತೆಗೇ ನೋಡಬೇಕು. ಅವರಿಲ್ಲದಿದ್ದರೆ ಇದು ಹಳೆಯ ಪೀಠೋಪಕರಣಗಳ ಒಂದು ಮನೆಯಾಗಿ ಮಾತ್ರ ಕಂಡೀತು.

ಹೊರಬಂದವರೆಲ್ಲ ಮಾಡುವಂತೆ ನಾನೂ ಕ್ರೆಮುಫ್ಕಾ ತಿನ್ನಲು ಹೊರಟೆ. ಪದರ ಪದರವಾದ ಎರಡು ಹಿಟ್ಟಿನ ಹಾಳೆಗಳ ನಡುವೆ ದಪ್ಪ ಕೆನೆ ತುಂಬಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಈ ಸಿಹಿತಿಂಡಿಯನ್ನು ಶಾಲೆಯ ಅಂತಿಮ ಪರೀಕ್ಷೆಯ ನಂತರ ಗೆಳೆಯರೊಂದಿಗೆ ತಿಂದದ್ದನ್ನು 1999ರ ಜೂನ್ 16ರಂದು ಪೋಪ್ ಇದೇ ಊರಿನ ಚೌಕದಲ್ಲಿ ಜನರೆದುರು ನೆನೆದರು. ಆಮೇಲೆ ಅದು ‘ಪೋಪ್ ಕ್ರೆಮುಫ್ಕಾ’ ಆಯಿತು. ಅವರ ಬಾಲ್ಯದ ಅಂಗಡಿ ಈಗಿಲ್ಲ. ಹೆಸರು ಹೇಳಬಯಸದ ಒಂದು ಅಂಗಡಿಯಲ್ಲಿ ನನಗೆ ಸಿಕ್ಕಿದ್ದರ ಕೆಳಪದರ ನೆನೆದು ಮೆತ್ತಗಾಗಿತ್ತು, ಕೆನೆಯಲ್ಲಿ ಹಿಟ್ಟಿನ ರುಚಿಯೇ ಮುಂದಿತ್ತು. ವಿನಯದಿಂದಲೇ ಇದನ್ನು ಹೇಳಿದೆ. ಗಲ್ಲಾದಲ್ಲಿದ್ದ ಹಿರಿಯರು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ನಮ್ಮ ಪೋಪ್‌ಗೆ ಇದು ಬಹಳ ಇಷ್ಟವಾಗಿತ್ತು” ಎಂದರು. ನಾನು ಉಳಿದದ್ದನ್ನೂ ತಿಂದು ಮುಗಿಸಿದೆ.