ಇಮ್ಯುನಿಟಿ ಬೂಸ್ಟರ್ ಮಾತ್ರೆ: ರುಚಿ ಸೂಪರ್, ಬೂಸ್ಟ್ ಆಗಿದ್ದೇನು ಅಂತ ಮಾತ್ರ ಕೇಳ್ಬೇಡಿ

ನೀರಿಗೆ ಹಾಕಿದ್ರೆ ಚುಯ್ ಅಂತ ಕರಗೋ ಮಾತ್ರೆ, ಡಬ್ಬಿ ಮೇಲೆ ಗುರಾಣಿ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಇಮ್ಯುನಿಟಿ ಬೂಸ್ಟ್’. ಎರಡು ತಿಂಗಳು ದಿನಾ ಒಂದು ಕುಡಿದು ಬರೀತಿದೀನಿ. ಹೆಸರು ಹೇಳಲ್ಲ, ನಾನು ಓದಿ ನೋಡಿದ ನಾಲ್ಕೈದು ಲೇಬಲ್‌ನಲ್ಲೂ ವಿಟಮಿನ್ ಸಿ, ಝಿಂಕ್, ಬಣ್ಣ, ಸಿಹಿ, ಅಷ್ಟೇ ಇತ್ತು. ರುಚಿ ಮಾತ್ರ ಚೆನ್ನಾಗಿದೆ ಕಣ್ರೀ, ಸುಳ್ಳು ಹೇಳಬಾರದು.

ಎರಡನೇ ವಾರದಲ್ಲಿ ಹಳೇ ಬಾಗಿಲು ಉಜ್ಜುವಾಗ ಹೆಬ್ಬೆರಳಿಗೆ ಮರದ ಸಿಬಿರು ಚುಚ್ಕೊಳ್ತು. ಸರಿ ಟೆಸ್ಟ್ ಆಗೇ ಹೋಗ್ಲಿ ಅಂದ್ಕೊಂಡೆ. ರಾತ್ರಿ ಹೊತ್ತಿಗೆ ಬೆರಳು ಕೆಂಪಗಾಗಿ, ಬಿಸಿಯಾಗಿ, ಊದ್ಕೊಂಡು, ಟಪ ಟಪ ಅಂತ ಮಿಡೀತಿತ್ತು. ಎರಡು ದಿನಕ್ಕೆ ತುದಿಯಲ್ಲಿ ಹಳದಿ ಕೀವು. ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ಬೈಕೊಂಡೆ, ಆಮೇಲೆ ಓದಿ ನೋಡಿದ್ರೆ ನಾನು ಬೈದಿದ್ದೇ ತಪ್ಪು, ಆ ಕೆಂಪು, ಊತ, ಕೀವು ಇದೆಯಲ್ಲ, ಅದೇ ಇಮ್ಯುನಿಟಿ! ಚರ್ಮದ ಕೆಳಗೆ ಕಾಯ್ಕೊಂಡು ಕೂತಿರೋ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು ಬ್ಯಾಕ್ಟೀರಿಯಾದ ಗುರುತು ಹಿಡಿದ ತಕ್ಷಣ ಸೈಟೋಕೈನ್ ಅನ್ನೋ ಕೆಮಿಕಲ್ ಸಿಗ್ನಲ್ ಬಿಡ್ತವೆ, ರಕ್ತನಾಳ ಹಿಗ್ಗುತ್ತೆ, ಅದಕ್ಕೇ ಕೆಂಪು ಮತ್ತು ಬಿಸಿ, ನಾಳದಿಂದ ನೀರು ಜಿನುಗುತ್ತೆ, ಅದಕ್ಕೇ ಊತ. ಕೆಲವೇ ಗಂಟೆಯಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು ನಾಳದ ಗೋಡೆ ಸಂದಿಯಿಂದ ನುಸುಳಿ ಬಂದು ಸಿಕ್ಕಿದ್ದನ್ನೆಲ್ಲಾ ನುಂಗಿ ತಾವೂ ಸಾಯ್ತವೆ, ಕೀವು ಅಂದ್ರೆ ಬಹುಪಾಲು ಅವುಗಳ ಹೆಣದ ರಾಶಿ.

ಇದನ್ನ ಮೊದಲು ಹಿಡಿದಿದ್ದೂ ಮುಳ್ಳಿಂದಲೇ. 1882ರಲ್ಲಿ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಬೆಳಗ್ಗೆ ಎದ್ದು ನೋಡಿದ್ರೆ ಮುಳ್ಳಿನ ಸುತ್ತ ಕೋಶಗಳು ಮುತ್ಕೊಂಡಿದ್ವಂತೆ. 1908ರಲ್ಲಿ ನೊಬೆಲ್ ಬಂತು ಅವರಿಗೆ. ಆ ಮೀನಿನ ಮರಿ ಯಾವ ಬೂಸ್ಟರೂ ಕುಡಿದಿರ್ಲಿಲ್ಲ ಅಂತ ಬೇರೆ ಹೇಳ್ಬೇಕಾ.

ಐದನೇ ವಾರ ನೆಗಡಿ ಜ್ವರ ಬಂತು. ಜ್ವರವೂ ಅದೇ ಕತೆ, ಸೈಟೋಕೈನ್ ಸುದ್ದಿ ಮೆದುಳಿಗೆ ಹೋಗಿ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ಇನ್ನೊಂದು ಕೆಮಿಕಲ್ ಹುಟ್ಟಿ ದೇಹದ ಥರ್ಮೋಸ್ಟಾಟ್ ಮೇಲಕ್ಕೇರುತ್ತೆ, ಚಳಿ ನಡುಕ ಎಲ್ಲಾ ಆ ಹೊಸ ಲೆಕ್ಕಕ್ಕೆ ಮುಟ್ಟೋ ಒದ್ದಾಟ. ಪ್ಯಾರಾಸಿಟಮಾಲ್ ಆ ಪ್ರೊಸ್ಟಾಗ್ಲಾಂಡಿನ್ ತಗ್ಗಿಸುತ್ತೆ. ಅಂದ್ರೆ ನಾನು ಬೆಳಗ್ಗೆ ಬೂಸ್ಟ್ ಮಾಡೋಕೆ ಒಂದು ಮಾತ್ರೆ, ರಾತ್ರಿ ಬೂಸ್ಟ್ ಇಳಿಸೋಕೆ ಇನ್ನೊಂದು ಮಾತ್ರೆ ನುಂಗ್ತಿದ್ದೆ, ನಗು ಬಂತು. ನಿಜವಾಗ್ಲೂ ಇದೆಲ್ಲಾ ಮಿತಿಮೀರಿ ಬೂಸ್ಟ್ ಆದ್ರೆ ಐಸಿಯುನೇ ಗತಿ, ಸೆಪ್ಸಿಸ್‌ನಲ್ಲಿ ಹತೋಟಿ ತಪ್ಪಿದ ಇದೇ ರೆಸ್ಪಾನ್ಸ್ ನಮ್ಮ ಅಂಗಾಂಗಗಳನ್ನೇ ಹಾಳು ಮಾಡುತ್ತೆ.

ಕಸ್ಟಮರ್ ಕೇರ್‌ಗೆ ಮೆಸೇಜ್ ಹಾಕಿ, ನಿಮ್ಮ ಮಾತ್ರೆ ಬೂಸ್ಟ್ ಮಾಡೋದು ಮ್ಯಾಕ್ರೋಫೇಜನ್ನೋ ನ್ಯೂಟ್ರೋಫಿಲನ್ನೋ ಅಂತ ಕೇಳಿದೆ. ‘ಇದು ನಿಮಗೆ ಸಂಪೂರ್ಣ ರಕ್ಷಣೆ ನೀಡುತ್ತದೆ’ ಅಂತ ಬಂತು, ಜೊತೆಗೆ ಒಂದು ಸ್ಮೈಲಿ.

ಹಾಗಂತ ವಿಟಮಿನ್ ಸಿ ವೇಸ್ಟ್ ಅಂತಲ್ಲ, ನ್ಯೂಟ್ರೋಫಿಲ್‌ಗಳು ಅದನ್ನ ಒಳಗೆ ದಂಡಿಯಾಗಿ ತುಂಬ್ಕೊಂಡಿರ್ತವೆ, ಕೊರತೆ ಇರೋರಿಗೆ ಬೇಕೇ ಬೇಕು. ಕೊರತೆ ಇಲ್ದಿದ್ರೆ ಹೆಚ್ಚಿಗೆ ಆಗಿದ್ದು ಮೂತ್ರದಲ್ಲಿ ಹೋಗುತ್ತೆ. ಟ್ರಯಲ್‌ಗಳನ್ನೆಲ್ಲಾ ಕೂಡಿಸಿ ನೋಡಿದಾಗ ದಿನಾ ತಗೊಂಡ್ರೂ ಸಾಮಾನ್ಯ ಜನಕ್ಕೆ ನೆಗಡಿ ಬರೋದು ಕಮ್ಮಿ ಆಗಿಲ್ಲ, ದೊಡ್ಡವರಲ್ಲಿ ನೆಗಡಿ ಇರೋ ಅವಧಿ ಶೇ. 8ರಷ್ಟು ಇಳಿದಿದೆ, ವಾರದ ನೆಗಡಿಯಲ್ಲಿ ಅರ್ಧ ದಿನ ಉಳಿದ ಹಾಗೆ. ಝಿಂಕ್ ವಿಷಯದಲ್ಲಿ ಹುಷಾರು, ತುಂಬಾ ದಿನ ಜಾಸ್ತಿ ತಗೊಂಡ್ರೆ ತಾಮ್ರದ ಕೊರತೆಯಾಗಿ ಅದೇ ನ್ಯೂಟ್ರೋಫಿಲ್‌ಗಳ ಸಂಖ್ಯೆನೇ ಬೀಳಬಹುದು. ಬೂಸ್ಟ್ ಅಂತೆ!

ಐದಕ್ಕೆ ಎರಡು ಸ್ಟಾರ್. ಒಂದು ರುಚಿಗೆ, ಇನ್ನೊಂದು ಖಾಲಿ ಡಬ್ಬಿಗೆ, ಗಾಳಿ ಹೋಗದ ಗಟ್ಟಿ ಮುಚ್ಚಳ, ಸಿಬಿರು ತೆಗೆದ ಸೂಜಿ ಈಗ ಅದರಲ್ಲೇ ಇದೆ.