ನಾಲ್ಕು ವರ್ಷ ಬಾಲ್ ಮಿಲ್ ಬಳಸಿದ ಮೇಲೆ: ಯಂತ್ರಕ್ಕಿಂತ ಜಾರೇ ಮುಖ್ಯ

ಇದು ಎರಡು ಜಾರ್ ಕೂರುವ ಪ್ಲಾನೆಟರಿ ಬಾಲ್ ಮಿಲ್. ಕೆಳಗಿನ ತಟ್ಟೆ ಒಂದು ಕಡೆ ತಿರುಗಿದರೆ ಜಾರ್‌ಗಳು ಅದಕ್ಕೆ ಉಲ್ಟಾ ತಿರುಗುತ್ತವೆ. ಒಳಗಿನ ಗುಂಡುಗಳು ಗೋಡೆಗೂ ಬಡಿಯುತ್ತವೆ, ಒಂದಕ್ಕೊಂದೂ ಬಡಿದುಕೊಳ್ಳುತ್ತವೆ. ನಡುವೆ ಸಿಕ್ಕ ಪುಡಿ ನುಜ್ಜುಗುಜ್ಜು. ಇದರಲ್ಲಿ ಬೇರಿಯಂ ಟೈಟನೇಟ್, ಜಿಂಕ್ ಫೆರೈಟ್ (ಸತು-ಕಬ್ಬಿಣದ ಆಕ್ಸೈಡ್), ಸೀರಿಯಾ-ಜಿರ್ಕೋನಿಯಾ (ಸೀರಿಯಂ-ಜಿರ್ಕೋನಿಯಂ ಆಕ್ಸೈಡ್) ಅಂತ ಸೆರಾಮಿಕ್ ಪುಡಿಗಳನ್ನೆಲ್ಲ ಮಾಡಿದ್ದೇನೆ. ಮೋಟಾರಿನ ಬಗ್ಗೆ ದೂರಿಲ್ಲ. ಬೆಲ್ಟ್ ಒಮ್ಮೆ ಬದಲಾಯಿಸಿದೆ, ಅಷ್ಟೇ. ಆದರೂ ಮತ್ತೆ ಕೊಳ್ಳುವುದಾದರೆ ಮೊದಲು ಜಾರ್ ಯಾವುದು ಅಂತ ಕೇಳುತ್ತೇನೆ, ಯಂತ್ರದ ಮಾತು ಆಮೇಲೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬೇರಿಯಂ ಕಾರ್ಬೊನೇಟ್ ಮತ್ತು ಟೈಟಾನಿಯಂ ಡೈಆಕ್ಸೈಡನ್ನು ಕೈಯಲ್ಲಿ ಅರೆದು ಕುಲುಮೆಗೆ ಇಡುತ್ತಿದ್ದಾಗ 1100 ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತಿತ್ತು. ಆಗಲೂ ಎಕ್ಸ್‌ಆರ್‌ಡಿಯಲ್ಲಿ (ಯಾವ ಹರಳು ಇದೆ ಅಂತ ಎಕ್ಸ್-ಕಿರಣದಿಂದ ನೋಡುವ ಪರೀಕ್ಷೆ) ಒಮ್ಮೊಮ್ಮೆ ಹಳೆ ಕಾರ್ಬೊನೇಟ್ ಇಣುಕುತ್ತಿತ್ತು. ಹತ್ತು ಗಂಟೆ ಮಿಲ್ ಮಾಡಿದ ಪುಡಿಗೆ 850 ಸಾಕಾಯಿತು. ಕಣ ಸಣ್ಣದಾಗಿ ಎರಡೂ ಪುಡಿ ಒತ್ತೊತ್ತಾಗಿ ಬೆರೆತರೆ ಅಯಾನುಗಳು ಸಾಗಬೇಕಾದ ದೂರವೇ ಕಡಿಮೆ, ಅಲ್ವಾ? ಜಿಂಕ್ ಫೆರೈಟ್ ಅಂತೂ ಕುಲುಮೆ ಹತ್ತುವ ಮೊದಲೇ ಜಾರ್ ಒಳಗೆ ಸ್ಪಿನೆಲ್ (ಫೆರೈಟಿನ ಹರಳು ರಚನೆ) ಆಗತೊಡಗುತ್ತದೆ. ಟೈಟಾನಿಯಂ ಡೈಆಕ್ಸೈಡಿನ ಒಂದು ಹರಳು ರೂಪವಾದ ಅನಟೇಸ್ ಹಾಕಿ ಜಾಸ್ತಿ ಹೊತ್ತು ಓಡಿಸಿದರೆ ಅದರ ಇನ್ನೊಂದು ರೂಪ ರೂಟೈಲ್ ಹೊರಬರುತ್ತದೆ. ಮೊದಲ ಸಲ ನೋಡಿದಾಗ ಬಾಟಲಿಯ ಲೇಬಲ್ಲೇ ತಪ್ಪು ಅಂದುಕೊಂಡಿದ್ದೆ.

ಈಗ ಜಾರ್ ಕಥೆ. ಯಂತ್ರದ ಜೊತೆ ಬಂದದ್ದು ಸ್ಟೀಲ್ ಜಾರ್, ಸ್ಟೀಲ್ ಗುಂಡು. ಮೊದಲ ವರ್ಷ ಸುಮ್ನೆ ಅದರಲ್ಲೇ ಎಲ್ಲ ಮಾಡಿದೆ. ಹಾಕಿದ್ದು ಬಿಳಿ ಪುಡಿ, ತೆಗೆದದ್ದು ಬೂದು ಬಣ್ಣದ್ದು. ಕಣ ಸಣ್ಣದಾದರೆ ಹೀಗೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಿಲ್ಲೆ ಒತ್ತಿ, ಸಿಂಟರ್ ಮಾಡಿ (ಕರಗಿಸದೆ ಸುಟ್ಟು ಗಟ್ಟಿ ಮಾಡಿ) ಅಳೆದಾಗ ಗುಟ್ಟು ಹೊರಬಿತ್ತು. ಬೇರಿಯಂ ಟೈಟನೇಟ್‌ನಲ್ಲಿ 120 ಡಿಗ್ರಿ ಆಸುಪಾಸಿಗೆ ಬರಬೇಕಾದ ಡೈಎಲೆಕ್ಟ್ರಿಕ್ ಶಿಖರ (ವಿದ್ಯುದಾವೇಶ ಹಿಡಿದಿಡುವ ಗುಣ ಅತಿ ಹೆಚ್ಚಾಗುವ ಬಿಂದು) ಚಪ್ಪಟೆಯಾಗಿ ಕಡಿಮೆ ಉಷ್ಣತೆಗೆ ಜಾರಿತ್ತು. ಟೈಟಾನಿಯಂ ಜಾಗದಲ್ಲಿ ಕಬ್ಬಿಣ ಹೋಗಿ ಕೂತಿತ್ತು. ಬೀಸುವ ಕಲ್ಲು ಸವೆದರೆ ಅದರ ಹುಡಿ ಬೀಳುವುದು ಹಿಟ್ಟಿಗೇ ತಾನೇ. ಒಂದು ವರ್ಷದ ಕೆಲಸ ಹೋಯಿತು. ತಪ್ಪು ನನ್ನದೇ, ಯಂತ್ರದ್ದಲ್ಲ.

ಆಮೇಲೆ ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಸೇರಿಸಿದ ಜಿರ್ಕೋನಿಯಾ ಜಾರ್ ತಂದೆ. 125 ಮಿಲಿ ಜಾರ್, 10 ಮಿಲಿಮೀಟರಿನ ಐವತ್ತು ಗುಂಡು. ಗುಂಡುಗಳ ತೂಕ ಸುಮಾರು 157 ಗ್ರಾಂ, ಪುಡಿ 15 ಗ್ರಾಂ ಹಾಕುತ್ತೇನೆ. ಹತ್ತಕ್ಕೆ ಒಂದರ ಲೆಕ್ಕ. ಪುಡಿ ಬಿಳಿಯಾಗೇ ಬಂತು, ಖುಷಿಯೋ ಖುಷಿ. ಆದರೆ ಬಿಳಿ ಪುಡಿಯಲ್ಲಿ ಬಿಳಿ ಸವೆತ ಕಣ್ಣಿಗೆ ಕಾಣಲ್ಲ! ಜಿರ್ಕೋನಿಯಂ ಕೂಡ ಟೈಟಾನಿಯಂ ಜಾಗಕ್ಕೆ ಹೋಗುತ್ತದೆ, ಅದೂ ಆ ಶಿಖರವನ್ನು ಕೆಳಗೆ ಎಳೆಯುತ್ತದೆ. ಹಾಗಾಗಿ ಈಗ ಪ್ರತಿ ಸಲ ಓಡಿಸುವ ಮೊದಲು ಮತ್ತು ಆದ ಮೇಲೆ ಗುಂಡುಗಳನ್ನು ತೊಳೆದು, ಒಣಗಿಸಿ ತೂಗುತ್ತೇನೆ. ಇಪ್ಪತ್ತು ಗಂಟೆ ಓಡಿಸಿದ ಒಂದು ಸಲ 60 ಮಿಲಿಗ್ರಾಂ ಕಡಿಮೆ ಬಂತು. 15 ಗ್ರಾಂ ಪುಡಿಗೆ ಅದು 0.4 ಶೇಕಡಾ. ಜಾರ್ ಗೋಡೆಯದು ಬೇರೆ. ಸೀರಿಯಾ-ಜಿರ್ಕೋನಿಯಾ ಮಾಡುವಾಗ ಇದು ತಲೆನೋವಲ್ಲ, ತೂಗುವಾಗಲೇ ಅಷ್ಟು ಜಿರ್ಕೋನಿಯಾ ಕಡಿಮೆ ಹಾಕಿದರೆ ಆಯಿತು. ಟೈಟನೇಟ್‌ಗೆ ಮಾತ್ರ ಇಪ್ಪತ್ತು ಗಂಟೆ ಬಿಟ್ಟು ಹತ್ತಕ್ಕೆ ಇಳಿದೆ.

ಉಳಿದ ಕಿರಿಕಿರಿಗಳು ಸಣ್ಣವು. ಸದ್ದು ಜೋರು, ಅದೇ ಕೋಣೆಯಲ್ಲಿ ಕೂತು ಓದಲು ಆಗಲ್ಲ. ಎರಡೂ ಜಾರ್‌ಗಳ ತೂಕ ಸರಿಸಮ ಇಲ್ಲದಿದ್ದರೆ ಯಂತ್ರ ನಡುಗುತ್ತದೆ. ಹದಿನೈದು ನಿಮಿಷ ಓಟ, ಹದಿನೈದು ನಿಮಿಷ ಬಿಡುವು ಅಂತ ಇಟ್ಟಿದ್ದೇನೆ, ಇಲ್ಲದಿದ್ದರೆ ಜಾರ್ ಕೈ ಸುಡುತ್ತದೆ. ದಿಕ್ಕು ತಾನಾಗಿ ಬದಲಾಗುವ ಸೌಕರ್ಯ ನಿಜಕ್ಕೂ ಉಪಯೋಗ, ಪುಡಿ ಮೂಲೆಗೆ ಗಟ್ಟಿಯಾಗಿ ಅಂಟುವುದು ಕಡಿಮೆಯಾಯಿತು. ಮುಚ್ಚಳದ ರಬ್ಬರ್ ರಿಂಗ್ ಮಾತ್ರ ಬೇಗ ಹಾಳಾಗುತ್ತದೆ, ಎರಡು ಮೂರು ಕೂಡಿಟ್ಟುಕೊಳ್ಳಿ. ಎಥೆನಾಲ್ ಹಾಕಿ ಓಡಿಸಿದ ಜಾರನ್ನು ಪೂರ್ತಿ ತಣ್ಣಗಾಗದೆ ತೆರೆಯಲೇಬೇಡಿ. ಒಳಗೆ ಆವಿಯ ಒತ್ತಡ ಇರುತ್ತದೆ. ಕಾರ್ಬೊನೇಟ್ ಇದ್ದರೆ ಇಂಗಾಲದ ಡೈಆಕ್ಸೈಡ್ ಕೂಡ ಸೇರಿಕೊಳ್ಳಬಹುದು. ನನಗೆ ಒಮ್ಮೆ ಮುಚ್ಚಳ ಟಪ್ಪೆಂದು ಹಾರಿ ಅರ್ಧ ಪುಡಿ ಅಂಗಿಯ ಮೇಲೆ ಬಂತು. ಕನ್ನಡಕ ಹಾಕಿದ್ದರಿಂದ ಬಚಾವ್.

ಹಳೆ ಸ್ಟೀಲ್ ಜಾರ್ ಈಗ ಫೆರೈಟ್‌ಗೆ ಮಾತ್ರ ಮೀಸಲು. ಅದರಲ್ಲೂ ಕಬ್ಬಿಣದ ಆಕ್ಸೈಡನ್ನು ಒಂದು ಚಿಟಿಕೆ ಕಡಿಮೆಯೇ ತೂಗುತ್ತೇನೆ. ಉಳಿದದ್ದನ್ನು ಜಾರ್ ಕೊಡುತ್ತದೆ.