ಪ್ರಬಂಧದ ನಡುವೆ ಹೋಗುವುದೇ, ಪಾಠ ಮಾಡಲು ಹೋಗುವುದೇ?

ಅಮೆರಿಕಕ್ಕೆ ಹೋಗಿ ಸಂಶೋಧನೆ ಇಲ್ಲವೇ ಪಾಠ ಮಾಡಲು ಭಾರತೀಯರಿಗೆ ಸಿಗುವ ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಬಗ್ಗೆ ವಿಜಯಪುರದ ಯಾರೇ ವಿಚಾರಿಸಲಿ, ನನ್ನ ಮೊದಲ ಪ್ರಶ್ನೆ ಒಂದೇ: ಪಿಎಚ್‌.ಡಿ. ಮುಗಿದಿದೆಯೇ?

ಮುಗಿದಿಲ್ಲವೆಂದರೆ ಡಾಕ್ಟೋರಲ್ ರಿಸರ್ಚ್ ಫೆಲೋಶಿಪ್. ಅವಧಿ 6ರಿಂದ 9 ತಿಂಗಳು. ಪದವಿ ಕೊಡುವುದು ಇಲ್ಲಿನ ವಿಶ್ವವಿದ್ಯಾಲಯವೇ. ಅಲ್ಲಿ ನೀವು ಅತಿಥಿ. ಆದಿಲ್‌ಶಾಹಿ ಚಿತ್ರಕಲೆ ನಿಮ್ಮ ವಿಷಯವೇ? ಹಾಗಿದ್ದರೆ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ. ಗೋಳಗುಮ್ಮಟ ಮನೆಯ ಮಗ್ಗುಲಿಗೇ ಇದ್ದರೂ ಬಿಜಾಪುರದ ಕೆಲವು ಚಿತ್ರಗಳು ಇರುವುದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ. 2015ರಲ್ಲಿ ದಖ್ಖನಿನ ಸುಲ್ತಾನರ ಕಲೆಗೆಂದೇ ಅಲ್ಲಿ ದೊಡ್ಡ ಪ್ರದರ್ಶನ ನಡೆದಿತ್ತು. ಚಿನ್ನದ ಲೇಪದ ಮೇಲೆ ಕುಂಚ ಎಲ್ಲಿ ತಡೆದು ನಿಂತಿದೆ ಎಂಬುದು ಮೊಬೈಲ್ ಪರದೆ ಹಿಗ್ಗಿಸಿದರೆ ಕಾಣುವುದಿಲ್ಲ.

ಪಿಎಚ್‌.ಡಿ. ಪಡೆದು ನಾಲ್ಕು ವರ್ಷ ಮೀರದವರಿಗೆ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ಇದೆ, 8ರಿಂದ 24 ತಿಂಗಳು.

ಅಧ್ಯಾಪಕರಿಗೆ ಒಪ್ಪುವುದು ಅಕಾಡೆಮಿಕ್ ಅಂಡ್ ಪ್ರೊಫೆಷನಲ್ ಎಕ್ಸಲೆನ್ಸ್. ಪಿಎಚ್‌.ಡಿ. ಅಥವಾ ಅದಕ್ಕೆ ಸಮನಾದ ಪ್ರಕಟಣೆ ಬೇಕು, ಜೊತೆಗೆ ಐದು ವರ್ಷದ ಅನುಭವ. 4ರಿಂದ 9 ತಿಂಗಳು ಪಾಠ, ಸಂಶೋಧನೆ ಅಥವಾ ಎರಡೂ. ಇಲ್ಲಿ ತೊಡಕಾಗುವುದು ಅರ್ಹತೆಯಲ್ಲ, ರಜೆ. ನನ್ನ ರಜೆ ಅರ್ಜಿ ಮೂರು ವಾರ ಒಬ್ಬರ ಮೇಜಿನ ಮೇಲೆ ನೀರಿನ ತಂಬಿಗೆಯ ಅಡಿಯಲ್ಲಿತ್ತು. ಮರಳಿ ಬಂದಾಗ ಅದರ ಮೇಲೆ ಸಹಿಗಿಂತ ದೊಡ್ಡದಾಗಿ ತಂಬಿಗೆಯ ಗುರುತು ಮೂಡಿತ್ತು. ಆದ್ದರಿಂದ ಆಡಳಿತ ಮಂಡಳಿಯ ಒಪ್ಪಿಗೆ ಮೊದಲು, ಅರ್ಜಿ ಆಮೇಲೆ.

ಯಾವುದರಲ್ಲಿ ಹೋದರೂ ಫೆಲೋಗಳಿಗೆ ಕೊಡುವ ಜೆ-1 ವಿನಿಮಯ ವೀಸಾದ ಕಟ್ಟು ತಪ್ಪದು: ಎರಡು ವರ್ಷ ಸ್ವದೇಶದಲ್ಲಿ ಇರದೆ ಎಚ್-1ಬಿ ಎಂಬ ಉದ್ಯೋಗ ವೀಸಾ, ಕಾಯಂ ವಾಸದ ಗ್ರೀನ್ ಕಾರ್ಡ್ ಸಿಗುವುದಿಲ್ಲ. ಅಲ್ಲೇ ಬೇರು ಬಿಡುವ ಆಸೆಯುಳ್ಳವರು ಬೇರೆ ದಾರಿ ನೋಡಿಕೊಳ್ಳಲಿ.